ವ್ಯಾಪಾರದ ಉಪಾಯಕ್ಕೆ ಪೇಟೆಂಟ್ ಯಾಕಿಲ್ಲ?

ಪ್ರಶ್ನೆ: ಹೊಸ ವ್ಯಾಪಾರ ವಿಧಾನಕ್ಕೆ ನಮ್ಮಲ್ಲಿ ಪೇಟೆಂಟ್ ಸಿಗುವುದಿಲ್ಲವಂತೆ. ಹಾಗಾದರೆ ಹೊಸದಾಗಿ ಯೋಚಿಸುವವರಿಗೆ ಉತ್ತೇಜನ ಎಲ್ಲಿದೆ?
– ಓದುಗರೊಬ್ಬರು, ಕಾಚಿಗುಡ, ಹೈದರಾಬಾದ್

ಉತ್ತರ: ನೀವು ಕೇಳಿರುವುದು ನಿಜ. ಪೇಟೆಂಟ್ ಕಾಯ್ದೆಯ 3(ಕೆ) ಕಲಮು ವ್ಯಾಪಾರ ವಿಧಾನಗಳನ್ನು ಹೊರಗಿಟ್ಟಿದೆ. 2023ರಲ್ಲಿ ಓಪನ್‌ಟಿವಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಈ ನಿಷೇಧಕ್ಕೆ ವಿನಾಯಿತಿಯೇ ಇಲ್ಲ ಎಂದಿತು. ಸಂಸತ್ತು ಇದನ್ನು ಮತ್ತೆ ಪರಿಶೀಲಿಸಲಿ ಎಂದೂ ಹೇಳಿತು.

ಇದರಿಂದ ನಷ್ಟವೇ? ನಿಮ್ಮ ಊರಿನ 108 ಆಂಬುಲೆನ್ಸನ್ನೇ ನೋಡಿ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಶುರುವಾಯಿತು. ನೆನಪಿನಲ್ಲುಳಿಯುವ ಒಂದೇ ಸಂಖ್ಯೆ, ಒಂದು ಕರೆ ಕೇಂದ್ರ, ಹತ್ತಿರದ ವಾಹನವನ್ನು ಹುಡುಕಿ ಕಳಿಸುವ ವ್ಯವಸ್ಥೆ, ದಾರಿಯಲ್ಲೇ ಚಿಕಿತ್ಸೆ ಆರಂಭಿಸುವ ಸಿಬ್ಬಂದಿ. ಬಿಡಿಬಿಡಿಯಾಗಿ ಯಾವುದೂ ಹೊಸದಲ್ಲ, ಹೊಸತನವಿದ್ದದ್ದು ಜೋಡಣೆಯಲ್ಲಿ. 2008ರ ನವೆಂಬರಿನಲ್ಲಿ ಅದೇ ಮಾದರಿ ಕರ್ನಾಟಕಕ್ಕೆ ‘ಆರೋಗ್ಯ ಕವಚ’ವಾಗಿ ಬಂತು. ಇಂಥ ಕ್ರಮಕ್ಕೆ ಇಪ್ಪತ್ತು ವರ್ಷ ಬೇಲಿ ಹಾಕಬಹುದಾಗಿದ್ದರೆ ಎಷ್ಟು ಜೀವಗಳು ಕಾಯಬೇಕಾಗುತ್ತಿತ್ತೋ!

ಅಮೆರಿಕದಲ್ಲಿ ಬೇಲಿ ಬಿತ್ತು. ಒಂದೇ ಕ್ಲಿಕ್ಕಿನಲ್ಲಿ ಕೊಳ್ಳುವ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಪೇಟೆಂಟ್ ಪಡೆಯಿತು. ಅದೇ ಡಿಸೆಂಬರಿನಲ್ಲಿ ನ್ಯಾಯಾಲಯ ಪ್ರತಿಸ್ಪರ್ಧಿ ಬಾರ್ನ್ಸ್ ಅಂಡ್ ನೋಬಲ್‌ಗೆ ತಡೆಯೊಡ್ಡಿತು. ಆ ಕಂಪನಿ ತನ್ನ ಗ್ರಾಹಕರಿಗೆ ಇನ್ನೊಂದು ಕ್ಲಿಕ್ ಸೇರಿಸಬೇಕಾಯಿತು. ಪೇಟೆಂಟಿನ ಅವಧಿ ಮುಗಿದದ್ದು 2017ರಲ್ಲಿ. ಅಲ್ಲಿ ಶ್ರಮ ಹೋದದ್ದು ಉತ್ತಮ ಸೇವೆಗಲ್ಲ, ತಪ್ಪಿಸಿಕೊಳ್ಳುವ ದಾರಿ ಹುಡುಕುವುದಕ್ಕೆ.

ಸಣ್ಣವರ ಉಪಾಯವನ್ನು ದೊಡ್ಡವರು ಎತ್ತಿಕೊಳ್ಳುವ ಭಯ ನಿಜವಾದದ್ದೇ. ಆದರೆ ಪೇಟೆಂಟ್ ಮೊಕದ್ದಮೆಯ ಖರ್ಚನ್ನು ಹೆಚ್ಚು ಕಾಲ ತಾಳಬಲ್ಲವರೂ ದೊಡ್ಡವರೇ. ನಿಮ್ಮ ಹೆಸರಿಗೆ ಟ್ರೇಡ್‌ಮಾರ್ಕ್, ಬರೆದ ಸಾಫ್ಟ್‌ವೇರಿಗೆ ಕೃತಿಸ್ವಾಮ್ಯ, ಪಾಲುದಾರರೊಡನೆ ಗೋಪ್ಯತೆಯ ಕರಾರು – ಇವಿಷ್ಟು ಇವತ್ತೇ ಲಭ್ಯ.