ಕತ್ತರಿ ಹಿಡಿದ ಕೈಗೆ ಕಾಗದದ ಲೆಕ್ಕ!

ಮೆಡಿಕಲ್ ಕಾಲೇಜಿನ ಸರ್ಜನ್ ಸಾಹೇಬರಿಗೆ ಬಡ್ತಿ ಬೇಕಾದರೆ ಆಪರೇಷನ್ ಮಾಡಿದರಷ್ಟೇ ಸಾಲದು, ಸಂಶೋಧನಾ ಲೇಖನವೂ ಅಚ್ಚಾಗಬೇಕು. ಅದನ್ನು ಅಳೆಯೋದು ಹ್ಯಾಗೆ?

ಅಮೆರಿಕದ ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಒಂದು ತಕ್ಕಡಿ ಕೊಟ್ಟರು: 'ಎಚ್-ಇಂಡೆಕ್ಸ್'. ಐದು ಲೇಖನಗಳನ್ನು ಬೇರೆಯವರು ತಲಾ ಐದು ಸಲವಾದರೂ ಉಲ್ಲೇಖಿಸಿದ್ದರೆ ಅಂಕ 5. ಐವತ್ತು ಬರೆದು ಒಂದನ್ನೂ ಯಾರೂ ಉಲ್ಲೇಖಿಸದಿದ್ದರೆ ಸೊನ್ನೆ!

ಆದರೆ ಈ ತಕ್ಕಡಿಗೂ ಊನವುಂಟು. ಒಂದು ಲೇಖನಕ್ಕೆ ಹತ್ತು ಹೆಸರು ಅಂಟಿಸಿದರೆ ಹತ್ತೂ ಮಂದಿಗೆ ಪೂರಾ ಜಮಾ. ಹಗಲಿಡೀ ಹರ್ನಿಯಾ, ಅಪೆಂಡಿಕ್ಸ್ ಕೊಯ್ದು, ಹುಡುಗರಿಗೆ ಹೊಲಿಗೆ ಹಾಕೋದು ಕಲಿಸಿದ ಡಾಕ್ಟರ ಖಾತೆಗೆ ಬಿಡಿಕಾಸೂ ಇಲ್ಲ.

ಬರೆಯೋದು ಬೇಡವೆಂದಲ್ಲ, ಒಬ್ಬರ ಅನುಭವ ನೂರು ಮಂದಿಗೆ ತಲುಪೋದು ಬರಹದಿಂದಲೇ. ಆದರೆ ಆಪರೇಷನ್ ಮೇಜಿನ ಮೇಲೆ ಮಲಗಿದ ರೋಗಿ ಕೇಳೋದು ಒಂದೇ: 'ಕೈ ಪಳಗಿದೆಯಾ ಸ್ವಾಮಿ?' ಅದಕ್ಕೆ ಇಂಡೆಕ್ಸು ಉತ್ತರ ಕೊಡೋಲ್ಲ.