ಓಟಿನ ಬೆಲೆ ಒಂದೇ, ಕೂಲಿಯ ಬೆಲೆ?

ಬಳ್ಳಾರಿಯ ಕಂಟೋನ್ಮೆಂಟಿನಲ್ಲಾಗಲಿ, ಸಿರುಗುಪ್ಪ, ಕುರುಗೋಡುಗಳ ಹಳ್ಳಿಗಳಲ್ಲಾಗಲಿ, ಮತಗಟ್ಟೆಯ ಒಳಗೆ ಧಣಿಯ ಓಟಿಗೂ ಆಳಿನ ಓಟಿಗೂ, ಗಂಡಿನ ಓಟಿಗೂ ಹೆಣ್ಣಿನ ಓಟಿಗೂ ಒಂದೇ ಬೆಲೆ. ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆಯಿಂದಲೇ ನಮ್ಮ ಸ್ತ್ರೀಯರಿಗೆ ಈ ಹಕ್ಕು ದೊರೆಯಿತು. ಸಿರಿವಂತ ಸ್ವಿಟ್ಜರ್ಲೆಂಡಿನ ಹೆಂಗಸರು ರಾಷ್ಟ್ರದ ಚುನಾವಣೆಯಲ್ಲಿ ಮತ ನೀಡುವ ಹಕ್ಕಿಗಾಗಿ 1971ರವರೆಗೆ ಕಾಯಬೇಕಾಯಿತೆಂದರೆ ವಾಚಕರು ಸೋಜಿಗಪಟ್ಟಾರು. ಆದರೆ ಮತಗಟ್ಟೆಯಿಂದ ಹೊರಬಂದು ಗದ್ದೆಗೋ ಕಾರ್ಖಾನೆಗೋ ಕಾಲಿಟ್ಟೊಡನೆ ಆ ಸಮಾನತೆ ಎಲ್ಲಿ ಮಾಯವಾಗುತ್ತದೆ?

ಈ ಪ್ರಶ್ನೆಯನ್ನು ಕೇಳಲು ಬಳ್ಳಾರಿಯೇ ತಕ್ಕ ಸ್ಥಳ. 1999ರ ಲೋಕಸಭಾ ಚುನಾವಣೆಯಲ್ಲಿ ದೇಶದ ಕಣ್ಣೆಲ್ಲ ಈ ಊರಿನ ಮೇಲಿತ್ತು. ಕಾಂಗ್ರೆಸ್ಸಿನಿಂದ ಸೋನಿಯಾ ಗಾಂಧಿಯವರು, ಭಾರತೀಯ ಜನತಾ ಪಕ್ಷದಿಂದ ಸುಷ್ಮಾ ಸ್ವರಾಜ್ ಅವರು ಕಣಕ್ಕಿಳಿದಿದ್ದರು. ಸುಷ್ಮಾ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿ ಕೇಳುಗರನ್ನು ಬೆರಗುಗೊಳಿಸಿದರು. ಸುಮಾರು 56 ಸಾವಿರ ಮತಗಳ ಅಂತರದಿಂದ ಗೆದ್ದ ಸೋನಿಯಾ ಅವರು, ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಪ್ರಮುಖ ಸ್ಪರ್ಧಿಗಳಿಬ್ಬರೂ ಸ್ತ್ರೀಯರೇ. ಆದರೂ ಸ್ವದೇಶಿ ಮಗಳೋ ವಿದೇಶಿ ಸೊಸೆಯೋ ಎಂಬ ವಾಗ್ವಾದದ ಗದ್ದಲದಲ್ಲಿ ದುಡಿಯುವ ಹೆಂಗಸಿನ ಕೂಲಿಯ ಮಾತು ಮುನ್ನೆಲೆಗೆ ಬರಲಿಲ್ಲ.

ಆಮೇಲೆ 2009ರಲ್ಲಿ ಜೆ. ಶಾಂತಾ ಅವರು ಇದೇ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. 2024ರ ಉಪಚುನಾವಣೆಯಲ್ಲಿ ಜಿಲ್ಲೆಯ ಸಂಡೂರಿನಿಂದ ಅನ್ನಪೂರ್ಣ ತುಕಾರಾಂ ಅವರು ವಿಧಾನಸಭೆಗೆ ಹೋದರು. ಅಭ್ಯರ್ಥಿ ಹೆಣ್ಣಾಗುವುದು ಸಂತೋಷದ ಸಂಗತಿ. ಹೆಣ್ಣಿನ ದುಡಿಮೆ ಚುನಾವಣೆಯ ವಿಷಯವಾಗುವುದು ಬೇರೆಯೇ ಸಂಗತಿ.

ತುಂಗಭದ್ರೆಯ ಕಾಲುವೆಯ ನೀರು ಹರಿಯುವ ಸಿರುಗುಪ್ಪದ ಸೀಮೆಯಲ್ಲಿ ಬತ್ತದ ನಾಟಿಯೂ ಕಳೆಯೂ ಬಹುಮಟ್ಟಿಗೆ ಹೆಂಗಸರ ಪಾಲಿನ ಕೆಲಸ. ಬಗ್ಗಿದ ಬೆನ್ನು ಸಂಜೆಯವರೆಗೆ ಏಳದು. ಆದರೂ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ ಎಂಬ ರೂಢಿ ನಮ್ಮ ಹೊಲಗದ್ದೆಗಳಿಂದ ಇನ್ನೂ ತೊಲಗಿಲ್ಲ. ಬಳ್ಳಾರಿಯ ಹೆಸರನ್ನು ಹೊರನಾಡುಗಳಲ್ಲಿ ಹರಡಿದ ಜೀನ್ಸ್ ಉಡುಪಿನ ಉದ್ಯಮದಲ್ಲೂ ಹೆಂಗಸರ ಕೈಗಳು ದುಡಿಯುತ್ತಿವೆ. ಸಣ್ಣ ಘಟಕದಲ್ಲಿ ಬಿಡಿ ಲೆಕ್ಕಕ್ಕೆ ಹೊಲಿಯುವವಳಿಗೆ ಹೆರಿಗೆ ರಜೆಯೂ ಮಗುವಿಗೊಂದು ತೊಟ್ಟಿಲೂ ಸುಲಭದಲ್ಲಿ ದಕ್ಕುವುದಿಲ್ಲ.

ಕಾಯಿದೆಗಳೇನೋ ಇವೆ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬುದನ್ನು ಸಂವಿಧಾನದ 39ನೆಯ ವಿಧಿಯೇ ಸಾರಿತು. 1976ರಲ್ಲಿ ಅದಕ್ಕೆ ಪ್ರತ್ಯೇಕ ಕಾಯಿದೆಯಾಯಿತು. 2019ರ ವೇತನ ಸಂಹಿತೆಯೂ ಅದೇ ತತ್ತ್ವವನ್ನು ಉಳಿಸಿಕೊಂಡಿತು. ವಿದೇಶಾಂಗ ಸೇವೆಯ ಪ್ರಥಮ ಮಹಿಳಾ ಅಧಿಕಾರಿ, ಕೊಡಗಿನ ಸಿ. ಬಿ. ಮುತ್ತಮ್ಮನವರು, ಮದುವೆಯಾಗಲು ಸ್ತ್ರೀಯರು ಮಾತ್ರ ಸರ್ಕಾರದ ಅಪ್ಪಣೆ ಪಡೆಯಬೇಕೆಂಬಂಥ ನಿಯಮಗಳನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1979ರಲ್ಲಿ ನ್ಯಾಯಾಲಯ ಅಂಥ ತಾರತಮ್ಯವನ್ನು ಖಂಡಿಸಿತು. ಆದರೆ ನಾಟಿಯ ಹೆಣ್ಣಾಳು ದೆಹಲಿಯ ನ್ಯಾಯಾಲಯದ ಮೆಟ್ಟಿಲೇರಬಲ್ಲಳೇ? ಅವಳ ಪರವಾಗಿ ಬಾಯಿ ತೆರೆಯಬೇಕಾದವರು ಅವಳ ಮತ ಪಡೆದ ಪ್ರತಿನಿಧಿಗಳೇ.

ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಪಾಲು ಸ್ಥಾನ ನೀಡುವ ಮಸೂದೆ ಮೊದಲು ಬಂದದ್ದು ಕನ್ನಡಿಗರಾದ ಎಚ್. ಡಿ. ದೇವೇಗೌಡರು ಪ್ರಧಾನಿಯಾಗಿದ್ದ 1996ರಲ್ಲಿ. ಅದಕ್ಕೆ ಸಂಸತ್ತಿನ ಒಪ್ಪಿಗೆ ದೊರೆತದ್ದು 2023ರಲ್ಲಿ, ಅದೂ ಜನಗಣತಿ ಮತ್ತು ಕ್ಷೇತ್ರ ವಿಂಗಡಣೆ ಮುಗಿಯಬೇಕೆಂಬ ನಿಬಂಧನೆಯೊಡನೆ. ಅದೇ ವರ್ಷ ರಾಜ್ಯದಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣವೂ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಯೂ ಆರಂಭವಾದವು. ಇವನ್ನು ಹಂಗಿಸುವುದು ಸಲ್ಲದು; ದುಡ್ಡಿಲ್ಲದವಳಿಗೆ ಬಸ್ಸೇ ಕೆಲಸದ ಬಾಗಿಲು. ಆದರೆ ಬಸ್ಸಿಳಿದ ಮೇಲೆ ಅವಳಿಗೆ ಸಿಗುವ ಸಂಬಳವೆಷ್ಟು?

ಮುಂದಿನ ಚುನಾವಣೆಯಲ್ಲಿ ಮತ ಯಾಚಿಸಿ ಬಂದವರಿಗೆ ಗೃಹಿಣಿಯರು ಕುಂಕುಮವಿಡಲಿ, ಕಾಫಿಯನ್ನೂ ಕೊಡಲಿ. ಜೊತೆಗೆ ಮೂರು ಮಾತು ಕೇಳಲಿ: ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕೊಡಿಸುವಿರಾ? ಹೊಲಿಗೆಯವಳ ಮಗುವಿಗೆ ಶಿಶುವಿಹಾರ ಎಲ್ಲಿ? ಕೆಲಸದ ಸ್ಥಳದಲ್ಲಿ ಅವಮಾನವಾದರೆ ಅವಳು ದೂರಬೇಕಾದುದು ಯಾರಲ್ಲಿ? ಮನೆಗೆಲಸದವಳ ಸಂಬಳ, ರಜೆಗಳ ವಿಷಯದಲ್ಲಿ ನಾವೇ ಧಣಿಗಳೆಂಬುದನ್ನು ನೆನೆದು ಕೇಳಿದರೆ ಆ ಮಾತಿಗೆ ತೂಕವೂ ಹೆಚ್ಚು.