ಈಸೂರಿನಿಂದ 40ನೇ ವಿಧಿಯವರೆಗೆ

ಶಿರಾಳಕೊಪ್ಪ ಸೀಮೆಯಲ್ಲಿ ಬೆಳೆದವರಿಗೆ ಈಸೂರಿನ ಕಥೆ ಹೊಸದಲ್ಲ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ಕಂದಾಯ ಕೊಡುವುದಿಲ್ಲವೆಂದು ಪಟ್ಟು ಹಿಡಿಯಿತು. ವೀರಭದ್ರ ದೇವರ ಗುಡಿಯ ಮೇಲೆ ತ್ರಿವರ್ಣ ಧ್ವಜ ಏರಿಸಿ ತನ್ನದೇ ಸರ್ಕಾರವನ್ನು ಸಾರಿತು. ಜಯಣ್ಣನೆಂಬ ಹುಡುಗ ಅಮಲ್ದಾರನಾದ, ಮಲ್ಲಪ್ಪನೆಂಬ ಹುಡುಗ ಸಬ್ ಇನ್‌ಸ್ಪೆಕ್ಟರ್ ಆದ. ತಿಂಗಳ ಕೊನೆಯಲ್ಲಿ ಊರಿಗೆ ಬಂದ ಅಧಿಕಾರಿಗಳಿಗೂ ಜನರಿಗೂ ಘರ್ಷಣೆಯಾಗಿ, ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಪ್ರಾಣ ಕಳೆದುಕೊಂಡರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ (ಆ ಹುಡುಗನಲ್ಲ, ಇನ್ನೊಬ್ಬರು), ಹಾಲಪ್ಪ, ಸೂರ್ಯನಾರಾಯಣಾಚಾರ್, ಶಂಕರಪ್ಪ ಬೆಂಗಳೂರಿನ ಜೈಲಿನಲ್ಲಿ ನೇಣಿಗೇರಿದರು.

ಹಳ್ಳಿ ತನ್ನನ್ನು ತಾನೇ ಆಳಿಕೊಳ್ಳಬಹುದೇ? ಈಸೂರು ಪ್ರಾಣ ಕೊಟ್ಟು ಕೇಳಿದ ಈ ಪ್ರಶ್ನೆ ಆರು ವರ್ಷಗಳ ನಂತರ ದೆಹಲಿಯ ಸಂವಿಧಾನ ಸಭೆಯಲ್ಲಿ ಎದ್ದಿತು.

ಅಲ್ಲಿ ನಮ್ಮ ಕಡೆಯವರೂ ಇದ್ದರು. ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಸಲಹೆಗಾರ ಬೆನೆಗಲ್ ನರಸಿಂಗರಾವ್ ಮಂಗಳೂರಿನವರು. ಮೈಸೂರಿನ ಪ್ರತಿನಿಧಿಗಳಲ್ಲಿ ಒಬ್ಬರಾದ ಎಸ್.ವಿ. ಕೃಷ್ಣಮೂರ್ತಿ ರಾವ್ ಶಿವಮೊಗ್ಗದವರು. ಅಂಬೇಡ್ಕರ್ ಅಧ್ಯಕ್ಷತೆಯ ಏಳು ಜನರ ಕರಡು ಸಮಿತಿಗೆ, ಬಿ.ಎಲ್. ಮಿತ್ತರ್ ತೆರವು ಮಾಡಿದ ಜಾಗದಲ್ಲಿ ಬಂದವರು ಎನ್. ಮಾಧವರಾವ್. ಈಸೂರು ಸಿಡಿದೆದ್ದಾಗ ಮೈಸೂರಿನ ದಿವಾನರಾಗಿದ್ದವರು ಇವರೇ.

1948ರ ಫೆಬ್ರುವರಿಯಲ್ಲಿ ಸಿದ್ಧವಾದ ಕರಡಿನಲ್ಲಿ ಗ್ರಾಮ ಪಂಚಾಯಿತಿಯ ಮಾತೇ ಇರಲಿಲ್ಲ. ನವೆಂಬರ್ 4ರಂದು ಅದನ್ನು ಸಭೆಯ ಮುಂದಿಟ್ಟ ಅಂಬೇಡ್ಕರ್, ಹಳ್ಳಿಯನ್ನು ಸಂಕುಚಿತತೆಯ, ಅಜ್ಞಾನದ, ಕೋಮುಭಾವನೆಯ ಗೂಡೆಂದು ಕಟುವಾಗಿ ಟೀಕಿಸಿದರು. ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದಕ್ಕೆ ಸಂತೋಷಪಟ್ಟರು. ಊರ ಕೆರೆಯ ನೀರು ಯಾರಿಗೆ ಮುಟ್ಟುತ್ತದೆ, ಯಾರಿಗೆ ಮುಟ್ಟುವುದಿಲ್ಲ ಎಂದು ಬಲ್ಲವರ ಮಾತು ಅದು. ಗಾಂಧಿಯವರ ಗ್ರಾಮ ಸ್ವರಾಜ್ಯವನ್ನು ನಂಬಿದ್ದವರಿಗೆ ಅದು ನುಂಗಲಾರದ ತುತ್ತಾಯಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಮರುದಿನವೇ ಎದ್ದು ಪ್ರತಿಭಟಿಸಿದರು.

ನವೆಂಬರ್ 22ರಂದು ರಾಜಿಯಾಯಿತು. ರಾಜ್ಯಗಳು ಗ್ರಾಮ ಪಂಚಾಯಿತಿಗಳನ್ನು ರಚಿಸಿ ಸ್ವಯಮಾಡಳಿತಕ್ಕೆ ಬೇಕಾದ ಅಧಿಕಾರ ಕೊಡಬೇಕೆಂಬ ತಿದ್ದುಪಡಿಯನ್ನು ಕೆ. ಸಂತಾನಂ ಮಂಡಿಸಿದರು, ಅಂಬೇಡ್ಕರ್ ಒಪ್ಪಿಕೊಂಡರು. ಅದೇ ಇಂದಿನ 40ನೇ ವಿಧಿ. ಆದರೆ ಅದಕ್ಕೆ ಜಾಗ ಸಿಕ್ಕಿದ್ದು ನಿರ್ದೇಶಕ ತತ್ವಗಳಲ್ಲಿ. ಪಂಚಾಯಿತಿ ಕೊಡಿ ಎಂದು ನ್ಯಾಯಾಲಯದ ಬಾಗಿಲು ತಟ್ಟುವಂತಿರಲಿಲ್ಲ.

ಈ ಅತೃಪ್ತಿ ಕೊನೆಯವರೆಗೂ ಉಳಿಯಿತು. ಬಯಸಿದ್ದು ವೀಣೆಯ ನಾದ, ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡು ಎಂಬರ್ಥದಲ್ಲಿ ಕೆಂಗಲ್ ಹನುಮಂತಯ್ಯ 1949ರ ನವೆಂಬರಿನಲ್ಲಿ ನೊಂದು ನುಡಿದರು. ಆದರೂ ಅದೇ ತಿಂಗಳ 25ರಂದು ಮೈಸೂರು ಮಹಾರಾಜರು ಭಾರತದ ಸಂವಿಧಾನವೇ ತಮ್ಮ ರಾಜ್ಯಕ್ಕೂ ಅನ್ವಯವೆಂದು ಘೋಷಿಸಿದರು.

40ನೇ ವಿಧಿಯ ತತ್ವಕ್ಕೆ ನಿಜವಾದ ಬಲ ಬರಲು ದಶಕಗಳೇ ಹಿಡಿದವು. ಸಚಿವ ಅಬ್ದುಲ್ ನಜೀರ್ ಸಾಬ್ ಶ್ರಮದಿಂದ ಬಂದ ಕರ್ನಾಟಕದ 1983ರ ಪಂಚಾಯಿತಿ ಕಾಯಿದೆ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತು. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯಿತಿಗೆ ಸಂವಿಧಾನದ ಬಲ ಕೊಟ್ಟಿತು. ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕಂತೆ, ಮಹಿಳೆಯರಿಗೆ ಕನಿಷ್ಠ ಮೂರನೇ ಒಂದರಷ್ಟು ಸ್ಥಾನ ಕಡ್ಡಾಯವಾಯಿತು. ಸಂತಾನಂ ಕೇಳಿದ ಪಂಚಾಯಿತಿಯೂ ಅಂಬೇಡ್ಕರರನ್ನು ಕಾಡಿದ ಆತಂಕಕ್ಕೆ ಉತ್ತರವೂ ಒಂದೇ ತಿದ್ದುಪಡಿಯಲ್ಲಿ ಕೂಡಿಬಂದವು.

ಸಂತಾನಂ, ಅಂಬೇಡ್ಕರ್ ಇಬ್ಬರೂ ಸರಿ ಎಂದೇ ನಾನು ನಂಬುತ್ತೇನೆ. ಹಳ್ಳಿಗೆ ಅಧಿಕಾರ ಬೇಕು. ಆ ಅಧಿಕಾರ ಊರ ಕೊನೆಯ ಕೇರಿಗೂ ತಲುಪಬೇಕು. ನಿಮ್ಮೂರಿನಲ್ಲಿ ಗ್ರಾಮಸಭೆ ಸೇರುವ ದಿನ ಕೆಲಸ ಬದಿಗಿಟ್ಟು ಹೋಗಿ, ಲೆಕ್ಕ ಕೇಳಿ, ಪಕ್ಕದ ಕೇರಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಈಸೂರಿನವರು ಪ್ರಾಣ ಕೊಟ್ಟು ಕೇಳಿದ್ದು ಈ ಹಕ್ಕನ್ನೇ.